ಎರಡು ವಿಮಾನ, ಒಂದು ಹಲಗೆ

ಕಳೆದ ತಿಂಗಳು ತಂಗಿಯ ಮನೆಗೆಂದು ಮಡಿಕೇರಿಗೆ ಹೋಗಿದ್ದೆ. ಬಾಗಿಲು ತೆರೆಯುತ್ತಿದ್ದಂತೆ ಫೆವಿಕಾಲ್ ವಾಸನೆ ಮೂಗಿಗೆ ಬಡಿಯಿತು. ಹಾಲ್ ತುಂಬ ರಟ್ಟಿನ ಚೂರು, ಥರ್ಮಕೋಲ್ ಪುಡಿ. ಊಟದ ಮೇಜಿನ ಮೇಲೆ ಅರ್ಧ ಮುಗಿದ ಒಂದು ವಿಮಾನ. "ಹದಿನೈದು ದಿನದಿಂದ ನಾವೆಲ್ಲ ನೆಲದ ಮೇಲೆ ಕೂತೇ ಊಟ ಮಾಡೋದು ಆಪಾ. ಆ ಮೇಜು ಈಗ ವಿಮಾನ ನಿಲ್ದಾಣ" ಎಂದಳು ತಂಗಿ. ದೂರಿನಂತೆ ಹೇಳಿದರೂ ದನಿಯಲ್ಲಿ ಹೆಮ್ಮೆಯಿತ್ತು.

ಅವಳ ಮಗ ಒಂಬತ್ತನೇ ತರಗತಿ. ಶಾಲೆಯ ವಸ್ತುಪ್ರದರ್ಶನಕ್ಕೆ ಎಲ್ಲರೂ ಜ್ವಾಲಾಮುಖಿ, ಮಳೆನೀರು ಕೊಯ್ಲು ಎಂದು ಹೆಸರು ಕೊಟ್ಟಿದ್ದರೆ ಇವನು ಯುದ್ಧ ಸ್ಮಾರಕ ಮಾಡುತ್ತೇನೆಂದು ಬರೆಸಿ ಬಂದಿದ್ದ. ಯಾರ ಸ್ಮಾರಕ ಎಂದು ಕೇಳಿದೆ. "ದಿನಾ ನೋಡ್ತೀನಲ್ಲ ಖಾಲಾ, ದೇವಯ್ಯ ಅವರದ್ದು" ಎಂದ.

ಕೊಡಗಿನವರಿಗೆ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಯಾರೆಂದು ಹೇಳಬೇಕಾಗಿಲ್ಲ. ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವಿದೆ, ಪ್ರತಿಮೆಯಿದೆ. ಉಳಿದ ಓದುಗರಿಗಾಗಿ ಸಂಕ್ಷಿಪ್ತವಾಗಿ ಹೇಳುತ್ತೇನೆ. 1965ರ ಸೆಪ್ಟೆಂಬರ್ 7ರ ಬೆಳಗ್ಗೆ ಪಂಜಾಬಿನ ಆದಂಪುರದಿಂದ ನಮ್ಮ ವಾಯುಪಡೆಯ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ದೇವಯ್ಯನವರದು ಮೀಸಲು ಸ್ಥಾನ. ಯಾವುದಾದರೂ ವಿಮಾನ ಕೈಕೊಟ್ಟರೆ ಮಾತ್ರ ಅವರು ಹೋಗಬೇಕಿತ್ತು. ಒಂದು ವಿಮಾನ ಹಿಂದುಳಿಯಿತು, ಅವರು ಹೊರಟರು. ವಾಪಸು ಬರಲಿಲ್ಲ. ಆಗ ಅವರಿಗೆ 32 ವರ್ಷ. ಸೇನೆಯ ಪಟ್ಟಿಯಲ್ಲಿ ಅವರು ಕಾಣೆಯಾದವರು. ಅಲ್ಲಿ ಏನಾಯಿತೆಂದು ಹೇಳಲು ನಮ್ಮ ಕಡೆಯ ಯಾರೂ ಅದನ್ನು ಕಂಡಿರಲಿಲ್ಲ.

ಹೀಗೆ ಒಂದು ಸನ್ನಿವೇಶವನ್ನು ಅಳತೆಗೆ ತಕ್ಕಂತೆ ಕಿರಿದುಮಾಡಿ, ನೆಲ, ಗಿಡ, ಮನುಷ್ಯರ ಸಮೇತ ಹಲಗೆಯ ಮೇಲೆ ನಿಲ್ಲಿಸುವುದಕ್ಕೆ ಡಯೋರಾಮಾ ಎನ್ನುತ್ತಾರೆ. ಮೊದಲಿಗೆ ಈ ಹೆಸರು ಬಂದದ್ದು 1822ರಲ್ಲಿ ಪ್ಯಾರಿಸ್‌ನಲ್ಲಿ ದಗೇರ್ ಎಂಬಾತ ಬೆಳಕಿನ ಆಟದಿಂದ ತೋರಿಸುತ್ತಿದ್ದ ದೊಡ್ಡ ಚಿತ್ರಗಳಿಗೆ. ಇಂದು ಮ್ಯೂಸಿಯಂಗಳಲ್ಲಿ ಕಾಣುವ ಗಾಜಿನ ಪೆಟ್ಟಿಗೆಯ ಪುಟ್ಟ ಪ್ರಪಂಚಗಳಿಗೆಲ್ಲ ಅದೇ ಹೆಸರು.

ಹುಡುಗ ತನ್ನ ಲೆಕ್ಕದ ಪುಸ್ತಕ ತೆರೆದು ತೋರಿಸಿದ. ವಿಮಾನದ ಮಾದರಿಗಳಿಗೆ ಹೆಚ್ಚಾಗಿ ಬಳಸುವ ಅಳತೆ 72ಕ್ಕೆ 1. ಆರಡಿ ಎಂದರೆ 72 ಇಂಚು. ಹಾಗಾಗಿ ಆರಡಿ ಎತ್ತರದ ಮನುಷ್ಯ ಇಲ್ಲಿ ಸರಿಯಾಗಿ ಒಂದು ಇಂಚು. ಸುಮಾರು 13 ಮೀಟರ್ ಉದ್ದದ ಮಿಸ್ಟೇರ್ 18 ಸೆಂಟಿಮೀಟರ್ ಆಗುತ್ತದೆ, 11 ಮೀಟರಿನ ರೆಕ್ಕೆಗಳು 15 ಸೆಂಟಿಮೀಟರ್. ಎದುರಾಳಿಯ ಸ್ಟಾರ್‌ಫೈಟರ್ ಇದಕ್ಕಿಂತ ಉದ್ದ, 23 ಸೆಂಟಿಮೀಟರ್. ಆದರೆ ರೆಕ್ಕೆ ಬರೀ 9 ಸೆಂಟಿಮೀಟರ್, ಈಟಿಯ ಹಾಗೆ. ಅಂಗಡಿಯ ಪ್ಲಾಸ್ಟಿಕ್ ಕಿಟ್ ದುಬಾರಿ ಎಂದು ರಟ್ಟಿನಲ್ಲೇ ಕತ್ತರಿಸುತ್ತಿದ್ದ. ಮೇಲಿನಿಂದ, ಪಕ್ಕದಿಂದ, ಎದುರಿನಿಂದ ಬರೆದ ಮೂರು ನಕ್ಷೆಗಳನ್ನು ಮೊದಲು ಅಳತೆಗೆ ಇಳಿಸಿಕೊಂಡಿದ್ದ. ಲೆಕ್ಕದಲ್ಲಿ ಮೂವತ್ತೈದು ದಾಟದ ಹುಡುಗ ಇವನೇನಾ ಎನಿಸಿತು!

ಈ ಅಳತೆಗೂ ಯುದ್ಧಕ್ಕೂ ಹಳೆಯ ನಂಟು. 1942ರಲ್ಲಿ ಅಮೆರಿಕದ ನೌಕಾಪಡೆ ಅಲ್ಲಿನ ಶಾಲಾ ಮಕ್ಕಳಿಂದ ಇದೇ ಅಳತೆಯ ಐದು ಲಕ್ಷ ವಿಮಾನದ ಮಾದರಿಗಳನ್ನು ಕೇಳಿತ್ತು. ಎಲ್ಲಕ್ಕೂ ಕಪ್ಪು ಬಣ್ಣ. ಆಕಾಶದಲ್ಲಿ ಕಾಣುವ ನೆರಳಿನ ಆಕಾರ ನೋಡಿ ಯಾವುದು ನಮ್ಮದು, ಯಾವುದು ವೈರಿಯದು ಎಂದು ಸೈನಿಕರು ಗುರುತಿಸಲು ಕಲಿಯಬೇಕಿತ್ತು. ಅದು ಯುದ್ಧಕಾಲದ ಅಗತ್ಯ. ಸ್ಮಾರಕದ ಕೆಲಸ ಬೇರೆ.

ಹುಡುಗನ ಮೊದಲ ನಕ್ಷೆಯಲ್ಲಿ ಸ್ಟಾರ್‌ಫೈಟರ್ ಎರಡು ತುಂಡಾಗಿ ಬೀಳುತ್ತಿತ್ತು. ಹತ್ತಿಗೆ ಕೇಸರಿ, ಕಪ್ಪು ಬಣ್ಣ ಹಚ್ಚಿ ಬೆಂಕಿ, ಹೊಗೆ ಮಾಡುವ ಯೋಜನೆ. ಮಿಸ್ಟೇರ್ ಮಾತ್ರ ಹೊಸದರಂತೆ ಹೊಳೆಯುತ್ತ ಮೇಲಕ್ಕೇರುತ್ತಿತ್ತು. ಎರಡನೆಯ ನಕ್ಷೆಯಲ್ಲಿ ಸ್ಟಾರ್‌ಫೈಟರ್ ಇರಲೇ ಇಲ್ಲ.

"ಅದೆಲ್ಲಿ ಹೋಯಿತು ಬೇಟಾ?" ಎಂದು ಕೇಳಿದೆ. ಮಾತಾಡಲಿಲ್ಲ. ರಾತ್ರಿ ತಂಗಿ ಹೇಳಿದಳು. ಅರ್ಧ ಮಾಡಿದ ಎರಡೂ ವಿಮಾನಗಳನ್ನು ತರಗತಿಗೆ ಒಯ್ದಿದ್ದನಂತೆ. ಸ್ಟಾರ್‌ಫೈಟರ್‌ನ ಕೆಲಸ ಹೆಚ್ಚು ನಾಜೂಕಾಗಿ ಬಂದಿತ್ತು. ಯಾರೋ ಒಬ್ಬ ಹುಡುಗ ನಗುತ್ತಾ, "ಆ ಪ್ಲೇನ್ ನೀನು ಚೆನ್ನಾಗೇ ಮಾಡ್ತೀಯ ಬಿಡು" ಎಂದನಂತೆ. ನಾಲ್ಕಾರು ಮಂದಿ ನಕ್ಕರಂತೆ. ಅಷ್ಟೇ. ಮನೆಗೆ ಬಂದವನೇ ಸ್ಟಾರ್‌ಫೈಟರನ್ನು ಮಂಚದ ಕೆಳಗೆ ತಳ್ಳಿದ್ದ.

ಇಂಥ ಮಾತು ಕೇಳದ ಮನೆ ನಮ್ಮಲ್ಲಿ ಕಡಿಮೆ. ಕೇಳಿದ ಮೇಲೆ ಮಕ್ಕಳು ಮಾಡುವುದೂ ಇದನ್ನೇ. ಜಗಳವಾಡುವುದಿಲ್ಲ, ಅಮ್ಮನ ಹತ್ತಿರವೂ ಹೇಳುವುದಿಲ್ಲ. ಯಾವುದು ಮಾತಿಗೆ ಕಾರಣವಾಯಿತೋ ಅದನ್ನು ಮಂಚದ ಕೆಳಗೆ ಬಚ್ಚಿಡುತ್ತಾರೆ. ನಾವು ಹಿರಿಯರೂ ಎಷ್ಟೋ ಸಲ, "ಹೋಗಲಿ ಬಿಡು, ಬೇರೆ ಏನಾದರೂ ಮಾಡು" ಎಂದುಬಿಡುತ್ತೇವೆ. ತಂಗಿಯೂ ಹಾಗೇ ಹೇಳಿದ್ದಳು.

ಮಾರನೆಯ ದಿನ ಅವನ ಪಕ್ಕದಲ್ಲಿ ಕೂತು ಕತೆಯ ಉಳಿದ ಭಾಗ ಹೇಳಿದೆ. ಅಂದು ದೇವಯ್ಯನವರ ಬೆನ್ನು ಹತ್ತಿದ ಸ್ಟಾರ್‌ಫೈಟರ್‌ನಲ್ಲಿ ಇದ್ದವರು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ಅವರ ವಿಮಾನ ಶಬ್ದದ ಎರಡು ಪಟ್ಟು ವೇಗದ್ದು. ಮಿಸ್ಟೇರ್ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ಮೀರಲಾರದ್ದು. ಮಿಸ್ಟೇರ್‌ಗೆ ಪೆಟ್ಟು ಬಿತ್ತು. ಅದರ ಕತೆ ಮುಗಿಯಿತೆಂದು ಬಗೆದವರಿಗೆ, ಪೆಟ್ಟು ತಿಂದ ಅದೇ ವಿಮಾನ ತಿರುಗಿ ಎದುರಾಯಿತು. ಅದರ ಗುಂಡಿಗೆ ಸ್ಟಾರ್‌ಫೈಟರ್ ಉರುಳಿತು. ಅಮ್ಜದ್ ಹುಸೇನ್ ಹೊರಚಿಮ್ಮಿ ಪ್ಯಾರಾಚೂಟಿನಲ್ಲಿ ಇಳಿದು ಬದುಕಿಕೊಂಡರು. ದೇವಯ್ಯ ಬದುಕಲಿಲ್ಲ. ಅವರ ದೇಹವನ್ನು ಅಲ್ಲಿನ ಹಳ್ಳಿಯ ಜನರೇ ಹೊಲದಲ್ಲಿ ಮಣ್ಣು ಮಾಡಿದರೆಂದು ದಾಖಲಾಗಿದೆ.

ಇದು ನಮಗೆ ತಿಳಿದದ್ದು ಹೇಗೆ? ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ 1965ರ ವಾಯುಯುದ್ಧದ ಬಗ್ಗೆ ಪಾಕಿಸ್ತಾನದ ಕಡೆಯ ವಿವರಗಳನ್ನಿಟ್ಟುಕೊಂಡು ಬರೆದ ಪುಸ್ತಕ 1979ರಲ್ಲಿ ಬಂತು. ಒಂದು ಸ್ಟಾರ್‌ಫೈಟರನ್ನು ಮಿಸ್ಟೇರ್ ಹೊಡೆದುರುಳಿಸಿತ್ತೆಂಬ ಮಾತು ಅದರಲ್ಲಿತ್ತು. ಆ ಮಿಸ್ಟೇರ್ ಯಾರದೆಂದು ನಮ್ಮವರು ಹುಡುಕಿದರು. ದೇವಯ್ಯನವರಿಗೆ ಮಹಾವೀರ ಚಕ್ರ ಸಂದದ್ದು 1988ರಲ್ಲಿ, ಅವರು ತೀರಿಕೊಂಡು 23 ವರ್ಷಗಳ ನಂತರ. ಪದಕವನ್ನು ಪಡೆದದ್ದು ಅವರ ಪತ್ನಿ. ಅಷ್ಟು ವರ್ಷ ಆ ಮನೆಯವರಿಗೆ ಉಳಿದಿದ್ದದ್ದು 'ಕಾಣೆಯಾದವರು' ಎಂಬ ಒಂದೇ ಪದ.

"ಈಗ ಹೇಳು ಬೇಟಾ. ಮಂಚದ ಕೆಳಗಿರುವ ವಿಮಾನ ಇಲ್ಲದೆ ನಿನ್ನ ಸ್ಮಾರಕದಲ್ಲಿ ದೇವಯ್ಯ ಏನು ಮಾಡಿದರು ಅಂತ ಸಾಕ್ಷಿ ಹೇಳೋರು ಯಾರು?"

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಹಾಗಾದ್ರೆ ಬೆಂಕಿ ಹಾಕ್ಲಾ ಬೇಡ್ವಾ?" ಎಂದು ಕೇಳಿದ.

ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿರುವ ಯುದ್ಧ ಸ್ಮಾರಕದ ಬಗ್ಗೆ ಹೇಳಿದೆ. ಮೊದಲ ಮಹಾಯುದ್ಧದ ನಂತರ ಶಿಲ್ಪಿಗಳು ಮಾಡಿದ ಡಯೋರಾಮಾಗಳು ಅಲ್ಲಿವೆ. ಅಲ್ಲಿ ಜನ ನಿಂತು ನೋಡುವ ಒಂದು ಡಯೋರಾಮಾದ ಹೆಸರು 'ಮ್ಯಾನ್ ಇನ್ ದ ಮಡ್', ಅಂದರೆ ಕೆಸರಿನಲ್ಲಿ ಕೂತ ಮನುಷ್ಯ. ಅದರಲ್ಲಿ ಗೆಲುವಿಲ್ಲ, ವೈರಿಯಿಲ್ಲ. ಒಬ್ಬ ಸೈನಿಕ ದಣಿದು ಕೂತಿದ್ದಾನೆ. ಯುದ್ಧ ಎಂದರೇನೆಂದು ತಿಳಿಯಲು ಅಷ್ಟು ಸಾಕು. ಡಯೋರಾಮಾ ಮಾಡುವವರ ಮುಂದಿನ ಮೊದಲ ಪ್ರಶ್ನೆ ಅಳತೆಯದಲ್ಲ, ಬಣ್ಣದ್ದಲ್ಲ. ಇಡೀ ಕತೆಯಲ್ಲಿ ಯಾವ ಕ್ಷಣವನ್ನು ನಿಲ್ಲಿಸುತ್ತೀರಿ ಎಂಬುದೇ ಮೊದಲ ಪ್ರಶ್ನೆ.

ಮೂರನೆಯ ನಕ್ಷೆ ಅವನೇ ಬರೆದ. 75 ಸೆಂಟಿಮೀಟರ್ ಉದ್ದ, 50 ಅಗಲದ ಪ್ಲೈವುಡ್ ಹಲಗೆ. ಮೇಲೆ ಥರ್ಮಕೋಲ್ ಹಾಳೆ, ಅದರ ಮೇಲೆ ಪಂಜಾಬಿನ ಹೊಲಗಳು. ಹಸಿರು ಬಣ್ಣದಲ್ಲಿ ನೆನೆಸಿ ಒಣಗಿಸಿದ ಮರದ ಹೊಟ್ಟು ಹುಲ್ಲಾಯಿತು. ಚಹಾ ಸೋಸಿ ಉಳಿದ ಚರಟ ಒಣಗಿಸಿದರೆ ಉತ್ತ ಮಣ್ಣಿನಂತೆಯೇ ಕಾಣುತ್ತದೆ, ನೀವೂ ಮಾಡಿ ನೋಡಿ. ಸ್ಪ್ರೇ ಬಣ್ಣ ಮಾತ್ರ ಥರ್ಮಕೋಲ್ ಹತ್ತಿರ ತರಬೇಡಿ, ಕರಗಿಹೋಗುತ್ತದೆ. ಇವನು ಒಂದು ಮೂಲೆ ಕರಗಿಸಿಕೊಂಡೇ ಇದನ್ನು ಕಲಿತದ್ದು. ಮುರಿದ ಕೊಡೆಯ ಕಡ್ಡಿಗಳು ವಿಮಾನಗಳಿಗೆ ಆಧಾರವಾದವು. ಮಡಿಕೇರಿಯಲ್ಲಿ ಮುರಿದ ಕೊಡೆಗೆ ಬರವೇ? ಕಡ್ಡಿ 30 ಸೆಂಟಿಮೀಟರ್ ಎತ್ತರವಿದ್ದರೆ ನಿಜದಲ್ಲಿ ಸುಮಾರು 22 ಮೀಟರ್.

ಒಂದು ತೊಡಕು ಬಂತು. ಆಕಾಶದಲ್ಲಿ ಎರಡು ವಿಮಾನಗಳ ನಡುವೆ 300 ಮೀಟರ್ ಅಂತರವೆಂದು ಹಿಡಿದರೂ ಈ ಅಳತೆಯಲ್ಲಿ ಅದು ನಾಲ್ಕು ಮೀಟರಿಗೂ ಹೆಚ್ಚು. ಹಾಲ್‌ನಲ್ಲಿ ಒಂದು, ಅಡುಗೆಮನೆಯಲ್ಲಿ ಒಂದು ಇಡಬೇಕು! ಒಂದೇ ಹಲಗೆಯ ಮೇಲೆ ಬೇಕೆಂದರೆ ಹತ್ತಿರ ತರಲೇಬೇಕು. ನಿಜದಲ್ಲಿ ಇದ್ದದ್ದಕ್ಕಿಂತ ಹತ್ತಿರ. ತಪ್ಪಾಗುತ್ತದಲ್ಲ ಎಂದು ಅವನಿಗೆ ಚಿಂತೆ. ಹಾಗೆಂದು ಚೀಟಿಯಲ್ಲಿ ಬರೆದುಬಿಡು ಎಂದೆ.

ಕೆಳಗಿನ ಹೊಲದಲ್ಲಿ ಕತ್ತೆತ್ತಿ ನೋಡುತ್ತಿರುವ ಒಂದಿಂಚಿನ ಇಬ್ಬರು ರೈತರು. ಬೆಂಕಿಯಿಲ್ಲ. ಪಕ್ಕದ ಚೀಟಿಯಲ್ಲಿ ಇಬ್ಬರು ಪೈಲಟ್‌ಗಳ ಹೆಸರು, ಯಾರು ತೀರಿಕೊಂಡರು, ಯಾರು ಬದುಕಿದರು, ಯಾರು ಮಣ್ಣು ಮಾಡಿದರು, 1979, 1988. ಎಲ್ಲವೂ ಅವನದೇ ಅಕ್ಷರದಲ್ಲಿ.

ತಾಯಂದಿರೇ, ಮಕ್ಕಳ ಕೈಕೆಲಸದ ಕಸ ಗುಡಿಸುವಾಗ ಒಮ್ಮೆ ಮಂಚದ ಕೆಳಗೂ ಬಗ್ಗಿ ನೋಡಿ. ಅಲ್ಲಿ ಏನಾದರೂ ಸಿಕ್ಕರೆ ಗದರಬೇಡಿ, ಎಸೆಯಬೇಡಿ. ಯಾಕೆ ಅಲ್ಲಿಗೆ ಬಂತೆಂದು ಕೇಳಿ. ಸತ್ತ ವೀರನೊಬ್ಬನನ್ನು ನೆನೆಯುವ ಹಕ್ಕು ನಿನಗೂ ಇದೆ, ಪೂರ್ತಿ ಸತ್ಯ ಹೇಳುತ್ತ ನೆನೆಯುವ ಹೊಣೆಯೂ ಇದೆ ಎಂದು ಹೇಳಿಕೊಡಿ. ಯಾರೋ ನಕ್ಕರೆಂದು ಅರ್ಧ ಸತ್ಯಕ್ಕೆ ಒಪ್ಪಿಕೊಳ್ಳುವ ಅಭ್ಯಾಸ ಈ ವಯಸ್ಸಿನಲ್ಲಿ ಬೀಳಬಾರದು.

ಪ್ರದರ್ಶನದ ದಿನ ನಾನಿರಲಿಲ್ಲ. ಬಹುಮಾನ ಬಂದದ್ದು ಮಳೆನೀರು ಕೊಯ್ಲಿಗೆ ಎಂದು ತಂಗಿ ಫೋನಿನಲ್ಲಿ ಹೇಳಿದಳು. ಹುಡುಗ ಫೋನ್ ಕಸಿದುಕೊಂಡು ಬೇರೊಂದು ವಿಷಯ ಹೇಳಿದ. ಹೆಲ್ಮೆಟ್ ಹಾಕಿದ ಪೈಲಟ್‌ನ ತಲೆ ಆ ಅಳತೆಯಲ್ಲಿ ನಾಲ್ಕು ಮಿಲಿಮೀಟರ್ ಬರುತ್ತದಂತೆ, ಸರಿಯಾಗಿ ಒಂದು ಕರಿಮೆಣಸಿನ ಕಾಳಿನಷ್ಟು.

"ಅಮ್ಮಿಯ ಡಬ್ಬದಿಂದ ಎರಡು ಕಾಳು ತಗೊಂಡೆ ಖಾಲಾ. ಎರಡೂ ವಿಮಾನದಲ್ಲಿ ಒಂದೊಂದು ಕೂರಿಸಿದ್ದೀನಿ. ಬಗ್ಗಿ ನೋಡಿದ್ರೆ ಮಾತ್ರ ಕಾಣುತ್ತೆ."