ನನ್ನ ಸೈಕಲ್ಲಿನ ಕೊಂಬು

ನನ್ನ ರೋಡ್ ಬೈಕ್ ಮನೆಗೆ ಬಂದ ದಿನ ಅಪ್ಪ ಅದರ ಸುತ್ತ ಒಂದು ಸುತ್ತು ಹಾಕಿ ಹೇಳಿದ್ದು ಒಂದೇ ಮಾತು: "ಇದೇನೇ ಇದು, ಟಗರಿನ ಕೊಂಬು ಇದ್ದ ಹಾಗಿದೆ!"

ಬಗ್ಗಿದ ಹ್ಯಾಂಡಲ್ ಇರೋ ಸೈಕಲ್ ತಗೋಬೇಕು ಅನ್ನೋದು ಇಂಜಿನಿಯರಿಂಗ್ ಓದುವಾಗಿನಿಂದ ಇದ್ದ ಆಸೆ. 2021ರಲ್ಲಿ, ವರ್ಕ್ ಫ್ರಮ್ ಹೋಮ್ ಕಾಲದಲ್ಲಿ, ಬೋನಸ್ ಬಂದ ವಾರವೇ ತಗೊಂಡೆ. ಖಾಲಿ ರಸ್ತೆ, ಬೆಳಗಿನ ಚಳಿ, ಭಾನುವಾರ ಬಂದರೆ ನಂದಿಬೆಟ್ಟ. ಆ ಹ್ಯಾಂಡಲ್ ಹಿಡಿದು ಬಗ್ಗಿ ಹೋಗುವಾಗ ನನಗೂ ಸ್ವಲ್ಪ ಕೊಂಬು ಬಂದಿತ್ತು ಅಂತಲೇ ಹೇಳಬೇಕು. ಮಾಮೂಲಿ ಸೈಕಲ್‌ನವರನ್ನು ಹಿಂದೆ ಹಾಕಿದಾಗ ಒಳಗೊಳಗೇ ಒಂದು ಖುಷಿ.

ಈಗ ಕಾಲ ಬದಲಾಗಿದೆ. ವಾರಕ್ಕೆ 3 ದಿನ ಆಫೀಸು. ಎಚ್‌ಎಸ್‌ಆರ್ ಲೇಔಟ್‌ನಿಂದ ಬೆಳ್ಳಂದೂರು ಕಡೆಗೆ ಕ್ಯಾಬ್‌ಗಿಂತ ಸೈಕಲ್ಲೇ ಬೇಗ. ಆದರೆ ಟ್ರಾಫಿಕ್ಕಿನಲ್ಲಿ ತಲೆ ಎತ್ತಿ ಮುಂದೆ ನೋಡಬೇಕಲ್ಲ? ಹಾಗಾಗಿ ಗೊತ್ತಿಲ್ಲದ ಹಾಗೆ ಕೈ ಹ್ಯಾಂಡಲ್‌ನ ಮೇಲಿನ ನೇರ ಭಾಗಕ್ಕೆ ಹೋಗಿಬಿಡುತ್ತಿತ್ತು. ಕುತ್ತಿಗೆಗೆ ಆರಾಮ. ತೊಂದರೆ ಏನೆಂದರೆ, ಅಲ್ಲಿಂದ ಬ್ರೇಕ್ ಕೈಗೆ ಸಿಗಲ್ಲ. ಬ್ರೇಕ್ ಹಿಡಿಯಬೇಕಾದರೆ ಕೈ ಮುಂದಕ್ಕೆ ಸರಿಸಬೇಕು. ನನ್ನಂಥ ಸಣ್ಣ ಕೈಯವರಿಗೆ ಸರಿಸಿದ ಮೇಲೂ ಬೆರಳು ಲಿವರ್‌ಗೆ ಸರಿಯಾಗಿ ಎಟುಕುವುದಿಲ್ಲ.

ಕಳೆದ ಮಳೆಗಾಲದ ಒಂದು ಬೆಳಿಗ್ಗೆ. ಸರ್ವಿಸ್ ರಸ್ತೆಯಲ್ಲಿ ನಿಂತಿದ್ದ ಟೆಂಪೋ ಹಿಂದಿನಿಂದ ಯೂನಿಫಾರ್ಮ್ ಹಾಕಿದ್ದ ಒಬ್ಬ ಹುಡುಗ ಓಡಿ ಬಂದ. ಕೈ ಬ್ರೇಕ್ ಹುಡುಕುವಷ್ಟರಲ್ಲಿ ನಾನು ಹ್ಯಾಂಡಲ್ ತಿರುಗಿಸಿ, ಕೆಸರಿನಲ್ಲಿ ಬಿದ್ದಿದ್ದೆ. ಹುಡುಗನಿಗೆ ಏನೂ ಆಗಲಿಲ್ಲ. ನನ್ನ ಮೊಣಕಾಲು ತರಚಿತ್ತು. ಅವನು ಹತ್ತಿರ ಬಂದು ನನ್ನನ್ನೂ ಸೈಕಲ್ಲನ್ನೂ ನೋಡಿ ಕೇಳಿದ: "ಅಕ್ಕಾ, ಬ್ರೇಕ್ ಇಲ್ವಾ?"

ಬ್ರೇಕ್ ಇತ್ತು. ಕೈ ಅಲ್ಲಿರಲಿಲ್ಲ. ಒಂದು ಅಡಿ ಆಚೀಚೆ ಆಗಿದ್ದರೆ ಏನು ಗತಿ ಅಂತ ಯೋಚಿಸುತ್ತಾ ಆ ರಾತ್ರಿ ನಿದ್ದೆ ಬರಲಿಲ್ಲ. ಮನೆಯಲ್ಲಿ ಯಾರಿಗೂ ಹೇಳಲೂ ಇಲ್ಲ.

ಹ್ಯಾಂಡಲ್ ಬದಲಾಯಿಸೋಣ ಅಂತ ತೀರ್ಮಾನಿಸಿದೆ. ನೇರ ಹ್ಯಾಂಡಲ್ ತಂದು ಹಾಕಿದರೆ ಮುಗೀತು, ಒಂದು ಗಂಟೆ ಕೆಲಸ ಅಂದುಕೊಂಡಿದ್ದೆ. ನಮ್ಮ ಫೀಲ್ಡಿನವರಿಗೆ ಗೊತ್ತಿರುತ್ತೆ, ಒಂದು ಲೈಬ್ರರಿ ಅಪ್‌ಡೇಟ್ ಮಾಡಿದರೆ ಇನ್ನು ನಾಲ್ಕು ಮುರಿಯುತ್ತೆ. ಇಲ್ಲೂ ಅದೇ ಆಯ್ತು.

ಮೊದಲನೆಯದು ಪೈಪಿನ ದಪ್ಪ. ಬಗ್ಗಿದ ಹ್ಯಾಂಡಲ್‌ನಲ್ಲಿ ಲಿವರ್ ಕೂರುವ ಜಾಗ 23.8 ಮಿ.ಮೀ., ನೇರ ಹ್ಯಾಂಡಲ್‌ನಲ್ಲಿ 22.2 ಮಿ.ಮೀ. ಅಂದರೆ ಬ್ರೇಕ್ ಮತ್ತು ಗೇರ್ ಒಟ್ಟಿಗೇ ಇರೋ ಹಳೇ ಲಿವರ್‌ಗಳು ಹೊಸದಕ್ಕೆ ಬರಲ್ಲ. ಹ್ಯಾಂಡಲ್‌ನ ಮಧ್ಯಭಾಗವೂ ಸ್ಟೆಮ್‌ನ ಅಳತೆಗೆ ಹೊಂದಬೇಕು. ನನ್ನದು 31.8 ಮಿ.ಮೀ.

ಎರಡನೆಯದು, ಮುಖ್ಯವಾದದ್ದು, ಬ್ರೇಕ್. ಫ್ರೆಂಡ್ ಒಬ್ಬಳು ತನ್ನ ಹಳೇ ಎಂಟಿಬಿಯ ಲಿವರ್‌ಗಳನ್ನು ಪುಕ್ಕಟೆ ಕೊಟ್ಟಿದ್ದಳು. ಅದನ್ನೇ ತಗೊಂಡು ಸೈಕಲ್ ಶಾಪಿಗೆ ಹೋದೆ. ಅಲ್ಲಿನ ಮೆಕ್ಯಾನಿಕ್ ಲಿವರ್ ತಿರುಗಿಸಿ ನೋಡಿ ವಾಪಸ್ ಕೊಟ್ಟರು.

"ಇದು ಹಾಕ್ಕೊಡಲ್ಲ ಮೇಡಂ. ಕೈಗೆ ಗಟ್ಟಿ ಅನ್ಸುತ್ತೆ, ಆದ್ರೆ ಚಕ್ರ ನಿಲ್ಲಲ್ಲ."

ಕಾರಣ ಸರಳ. ಎಂಟಿಬಿಯ ವಿ-ಬ್ರೇಕ್ ಲಿವರ್ ವೈರನ್ನು ಜಾಸ್ತಿ ದೂರ, ಕಡಿಮೆ ಬಲದಲ್ಲಿ ಎಳೆಯುತ್ತದೆ. ರೋಡ್ ಬೈಕಿನ ಕ್ಯಾಲಿಪರ್ ಬ್ರೇಕಿಗೆ ಬೇಕಿರುವುದು ಅದರ ಉಲ್ಟಾ: ಕಡಿಮೆ ದೂರ, ಜಾಸ್ತಿ ಬಲ. ಬೀಳಬಾರದು ಅಂತ ಹ್ಯಾಂಡಲ್ ಬದಲಾಯಿಸಲು ಹೋಗಿ ನಾನು ಬ್ರೇಕನ್ನೇ ಹಾಳು ಮಾಡಿಕೊಳ್ಳುತ್ತಿದ್ದೆ! ಕ್ಯಾಲಿಪರ್‌ಗೆ ಹೊಂದುವ ಫ್ಲಾಟ್ ಬಾರ್ ಲಿವರ್‌ಗಳೇ ಬೇರೆ ಸಿಗುತ್ತವೆ. ನೀವು ಈ ಕೆಲಸಕ್ಕೆ ಕೈ ಹಾಕಿದರೆ ಇದೊಂದನ್ನು ಮರೆಯಬೇಡಿ. ಬ್ರೇಕಿನ ಒಳವೈರೂ ಹೊಸದೇ ಬೇಕು, ಎರಡು ಬಗೆಯ ಲಿವರ್‌ಗಳಲ್ಲಿ ವೈರಿನ ತುದಿಯ ಗುಂಡಿನ ಆಕಾರ ಬೇರೆ ಬೇರೆ.

ಮೂರನೆಯದು ಗೇರ್. ನನ್ನದು ಶಿಮಾನೊ ಸೋರಾ, ಹಿಂದೆ 9 ಗೇರ್. 9 ಸ್ಪೀಡ್ ಎಂಟಿಬಿ ಶಿಫ್ಟರ್ ಹಿಂದಿನ ಗೇರಿಗೆ ನಡೆಯುತ್ತದೆ, ಮುಂದಿನದಕ್ಕೆ ಹೊಂದುವುದಿಲ್ಲ. ಕೊನೆಗೆ ಸೋರಾದಲ್ಲೇ ಫ್ಲಾಟ್ ಬಾರ್‌ಗೆ ಮಾಡಿದ ಶಿಫ್ಟರ್ ತರಿಸಿದೆ. ಎಲ್ಲಾ ಸೇರಿ 9 ಸಾವಿರದ ಹತ್ತಿರ ಆಯ್ತು.

ಅಷ್ಟು ಖರ್ಚು ಮಾಡುವ ಮುಂಚೆ ನೋಡಬೇಕಾದ ಚಿಕ್ಕ ದಾರಿಗಳೂ ಇವೆ. ಕೆಲವು ಲಿವರ್‌ಗಳನ್ನು ಸ್ಕ್ರೂ ತಿರುಗಿಸಿ ಬೆರಳಿಗೆ ಹತ್ತಿರ ತರಬಹುದು. ಗಿಡ್ಡ ಸ್ಟೆಮ್ ಹಾಕಬಹುದು. ಹ್ಯಾಂಡಲ್‌ನ ಮೇಲ್ಭಾಗಕ್ಕೇ ಹೆಚ್ಚುವರಿ ಬ್ರೇಕ್ ಲಿವರ್ ಕೂರಿಸುವುದೂ ಉಂಟು. ಈಗ ನಾನು ದಿನಾ ಓಡಾಡುವುದು ಟ್ರಾಫಿಕ್ಕಿನಲ್ಲೇ ಆದ್ದರಿಂದ ಪೂರ್ತಿ ಬದಲಾಯಿಸಿದೆ.

ಮೆಕ್ಯಾನಿಕ್ ಅಣ್ಣ ಹ್ಯಾಂಡಲ್ ಬಿಚ್ಚಿ ನನ್ನ ಕೈಗಿಟ್ಟಾಗ ಮಾತ್ರ ಗಂಟಲು ಕಟ್ಟಿತು. ಒಂದು ಕಬ್ಬಿಣದ ಅಂಗಡಿಯ ಸಾಮಾನಿಗೆ ಇಷ್ಟು ಬೇಜಾರಾ ಅಂತ ನನಗೇ ನಗು ಬಂತು. ರೈಡಿಂಗ್ ಗ್ರೂಪಿನಲ್ಲಿ ಫೋಟೋ ಹಾಕಿದೆ. "ತರಕಾರಿ ಬುಟ್ಟಿ ಯಾವಾಗ?" ಅಂತ ಒಬ್ಬ ಕಾಲೆಳೆದ.

ಕಳೆದುಕೊಂಡಿದ್ದು ಇಲ್ಲ ಅಂತ ಹೇಳಲ್ಲ. ಬಗ್ಗಿದ ಹ್ಯಾಂಡಲ್‌ನಲ್ಲಿ ಕೈ ಇಡಲು ಮೂರ್ನಾಲ್ಕು ಜಾಗ, ನೇರದ್ದರಲ್ಲಿ ಒಂದೇ. 40 ಕಿಲೋಮೀಟರ್ ದಾಟಿದರೆ ಅಂಗೈ ಜೋಮು ಹಿಡಿಯುತ್ತೆ. ಎದುರುಗಾಳಿಗೆ ಬಗ್ಗಲು ಆಗಲ್ಲ. ಹ್ಯಾಂಡಲ್ ಅಗಲ 42ರಿಂದ 58 ಸೆಂ.ಮೀ. ಆಗಿದೆ, ಮೊದಲು ನುಗ್ಗುತ್ತಿದ್ದ ಸಂದಿಗಳಲ್ಲಿ ಈಗ ನುಗ್ಗೋಕಾಗಲ್ಲ. ಅದು ಒಳ್ಳೇದೇ ಆಯ್ತು ಬಿಡಿ. ಕೈ ಹತ್ತಿರಕ್ಕೆ ಬಂದಿದ್ದರಿಂದ ಮೊದಲ ಒಂದು ವಾರ ಸೈಕಲ್ ಚಂಚಲ ಅನ್ನಿಸಿತು. ಸ್ಟೆಮ್ ಸ್ವಲ್ಪ ಉದ್ದದ್ದು ಹಾಕಿಸಿದ ಮೇಲೆ ಸರಿಹೋಯಿತು.

ದಸರಾಕ್ಕೆ ಬಂದ ಅಪ್ಪ ಅದನ್ನು ನೋಡಿ ಕೆಳಗಿಳಿಸು ಅಂದರು. ಪಂಚೆ ಎತ್ತಿ ಕಟ್ಟಿ ಬೀದಿಯಲ್ಲಿ ಒಂದು ಸುತ್ತು ಹೊಡೆದು ಬಂದರು. "ಈಗ ಸೈಕಲ್ ಆಯ್ತು ನೋಡು. ಯಾಕೆ ಬದಲಾಯಿಸಿದೆ?" ಅಂತ ಕೇಳಿದರು. ಆಗ ಬಿದ್ದ ಕಥೆ ಹೇಳಿದೆ. ಬೈಯಲಿಲ್ಲ. ಎರಡೂ ಬ್ರೇಕ್ ಒಂದೊಂದಾಗಿ ಹಿಡಿದು, ಸೈಕಲ್ಲನ್ನು ಮುಂದಕ್ಕೆ ತಳ್ಳಿ ನೋಡಿ, ಸುಮ್ಮನೆ ತಲೆಯಾಡಿಸಿದರು.

ಮೊನ್ನೆ ಅದೇ ಸರ್ವಿಸ್ ರಸ್ತೆಯಲ್ಲಿ ನಾಯಿಯೊಂದು ಅಡ್ಡ ಬಂತು. ನಾನು ಯೋಚನೆ ಮಾಡುವ ಮೊದಲೇ ಸೈಕಲ್ ನಿಂತಿತ್ತು, ಎರಡು ಬೆರಳು ಅದಾಗಲೇ ಲಿವರ್ ಮೇಲಿದ್ದವು. ಹಿಂದಿನ ಆಟೋದವನು ಹಾರ್ನ್ ಹೊಡೆದ. ನಾನು ಮಾತ್ರ ಆ ಹುಡುಗ ಎಲ್ಲಾದರೂ ಇದ್ದಾನಾ ಅಂತ ಸುತ್ತ ನೋಡಿದೆ. ಇದ್ದಿದ್ದರೆ ಹೇಳುತ್ತಿದ್ದೆ: ಇದೆ ಕಣೋ, ಬ್ರೇಕ್ ಇದೆ.