ಕೇಳದಿರುವುದು ಯಂತ್ರದ ತಪ್ಪು, ಹಿರಿಯರದಲ್ಲ

ಕಳೆದ ಯುಗಾದಿಯಾದ ನಾಲ್ಕು ದಿನಗಳ ತರುವಾಯ ಕೂಕಟ್‌ಪಲ್ಲಿಯಲ್ಲಿ ವಾಸವಾಗಿರುವ ಹಿರಿಯ ತಾಯಿಯೊಬ್ಬರನ್ನು ಕಂಡುಬರಲು ಹೋಗಿದ್ದೆವು. ಅವರು ಮೂಲತಃ ರಾಯಚೂರು ಸೀಮೆಯವರು. ಯಜಮಾನರು ತೀರಿಕೊಂಡು ವರ್ಷಗಳಾದುವು. ಒಬ್ಬನೇ ಮಗನು ಅಮೆರಿಕೆಯಲ್ಲಿ ಉದ್ಯೋಗದಲ್ಲಿರುವನು. ತಾಯಿಯ ಒಂಟಿತನವನ್ನು ನೀಗಬೇಕೆಂಬ ಸದಿಚ್ಛೆಯಿಂದ ಆತನು, ಮಾತನ್ನು ಕೇಳಿ ಮಾತಾಡುವ ಪರದೆಯೊಂದನ್ನು, ಎಂದರೆ ಸ್ಮಾರ್ಟ್ ಡಿಸ್‌ಪ್ಲೇ ಎಂದು ಇಂದು ಎಲ್ಲರೂ ಕರೆಯುವ ಯಂತ್ರವನ್ನು, ಊಟದ ಮೇಜಿನ ಮೇಲೆ ಇರಿಸಿ ಹೋಗಿದ್ದನು. ಕೇಳಿದರೆ ಅದು ಭಜನೆ ಹಾಡಿಸುವುದು, ಹೊತ್ತು ತಿಳಿಸುವುದು, ಮಗನಿಗೆ ಕರೆ ಕೊಡುವುದು. ನಾವು ಹೋದ ದಿನ ಅದರ ಮೇಲೆ ಒಂದು ವಸ್ತ್ರವನ್ನು ಹೊದಿಸಲಾಗಿತ್ತು. ಏಕೆಂದು ಕೇಳಲು, “ನನ್ನ ಮಾತು ಅದಕ್ಕ ತಿಳಿಯಂಗಿಲ್ಲ ಬಿಡ್ರಿ. ವಯಸ್ಸಾತು, ದನಿ ಕುಗ್ಗೇದ” ಎಂದರು. ಐದು ದಿನಗಳಿಂದ ಯಂತ್ರವು ಓಗೊಟ್ಟಿರಲಿಲ್ಲ. ಮಗನು ಕರೆದಾಗಲೂ ಇವರ ಮಾತು ಆತನಿಗೆ ಕೇಳಿಸಿರಲಿಲ್ಲ. ನೆರೆಮನೆಯವರಿಗೆ ಹೇಳಿಕೊಳ್ಳಲು ಇವರಿಗೆ ಸಂಕೋಚ.

ಯಂತ್ರವನ್ನು ತಿರುಗಿಸಿ ನೋಡಿದೆವು. ಮೈಕನ್ನು ಮುಚ್ಚುವ ಸಣ್ಣದೊಂದು ಸ್ವಿಚ್ಚು ಉಂಟು. ಹಬ್ಬದ ಮುನ್ನಾದಿನ ಧೂಳು ಒರೆಸುವಾಗ ಅದಕ್ಕೆ ಕೈ ತಾಗಿರಬೇಕು. ಅದನ್ನು ಮೊದಲಿನಂತೆ ಮಾಡಿದೊಡನೆ ಯಂತ್ರವು ಮಾತಾಡಿತು. ತಾಯಿಯವರು ನಕ್ಕುಬಿಟ್ಟರು. ಆದರೆ ನಮಗೆ ಮನಸ್ಸಿನಲ್ಲಿ ಉಳಿದದ್ದು ಬೇರೊಂದು ಸಂಗತಿ. ಕಿವಿ ಮುಚ್ಚಿಕೊಂಡದ್ದು ಯಂತ್ರ. ಐದು ದಿನ ತಪ್ಪು ತಮ್ಮದೆಂದು ಕೊರಗಿದವರು ಅವರು. ಈ ನಗರದ ಎಷ್ಟೋ ಕನ್ನಡ ಮನೆಗಳಲ್ಲಿ ಇಂದು ಇಂಥ ಯಂತ್ರಗಳಿವೆಯಾದ್ದರಿಂದ, ಈ ವಿಷಯವನ್ನು ಕುರಿತು ನಾಲ್ಕು ಮಾತು ಹೇಳುವುದು ಅನುಚಿತವಾಗಲಾರದೆಂದು ಭಾವಿಸುತ್ತೇವೆ.

ಮೊದಲನೆಯದಾಗಿ, ಮೈಕು ಓಗೊಡದಿದ್ದರೆ ಅದು ಕೆಟ್ಟುಹೋಯಿತೆಂದು ಒಮ್ಮೆಲೇ ತೀರ್ಮಾನಿಸಬಾರದು. ಈ ಯಂತ್ರದ ಕೆಲಸ ಎರಡು ಹಂತಗಳದು. ತನ್ನ ಹೆಸರನ್ನು ಕೂಗಿದುದನ್ನು ಅದು ತಾನೇ ಗುರುತಿಸುತ್ತದೆ. ಅನಂತರ ಆಡಿದ ಮಾತನ್ನು ಸಾಮಾನ್ಯವಾಗಿ ಅಂತರ್ಜಾಲದ ಮೂಲಕ ದೂರದ ಗಣಕಗಳಿಗೆ ಕಳುಹಿಸಿ, ಉತ್ತರವನ್ನು ಅಲ್ಲಿಂದ ತರಿಸಿಕೊಳ್ಳುತ್ತದೆ. ಆದುದರಿಂದ ಪರೀಕ್ಷೆಯ ಕ್ರಮವೂ ಸುಲಭವೇ. ಹೆಸರು ಹಿಡಿದು ಕೂಗಿರಿ. ಪರದೆ ಎಚ್ಚರಗೊಂಡ ಗುರುತು ತೋರಿ ಆಮೇಲೆ ಸುಮ್ಮನಾದರೆ ಮೈಕು ಚೆನ್ನಾಗಿದೆ, ದೋಷವು ಅಂತರ್ಜಾಲದ್ದು ಅಥವಾ ಭಾಷೆಯದು. ಯಾವ ಗುರುತೂ ತೋರದಿದ್ದರೆ ಸ್ವಿಚ್ಚನ್ನು ನೋಡಬೇಕು. ಅಮೆಜಾನ್ ಸಂಸ್ಥೆಯ ಎಕೋ ಶೋ ಯಂತ್ರದಲ್ಲಿ ಮೈಕನ್ನು ಮುಚ್ಚಿದಾಗ ಪರದೆಯ ಕೆಳಗಂಚಿನಲ್ಲಿ ಕೆಂಪು ಗೆರೆಯೊಂದು ಮೂಡುತ್ತದೆ. ಗೂಗಲ್ ಸಂಸ್ಥೆಯ ನೆಸ್ಟ್ ಹಬ್ ಯಂತ್ರದ ಸ್ವಿಚ್ಚು ಹಿಂಬದಿಯಲ್ಲಿರುತ್ತದೆ.

ಸ್ವಿಚ್ಚು ಸರಿಯಿದ್ದೂ ಕೇಳಿಸದಿದ್ದರೆ ಇರಿಸಿದ ಜಾಗವನ್ನು ಪರಿಶೀಲಿಸಬೇಕು. ಹೈದರಾಬಾದಿನ ಬೇಸಗೆಯಲ್ಲಿ ಕೂಲರಿನ ಮೊರೆತಕ್ಕೆ ಎದುರು ಕುಳಿತ ಮನುಷ್ಯನ ಮಾತೇ ಕೇಳಿಸದು. ಯಂತ್ರಕ್ಕೆ ಕೇಳಿಸುವುದು ಹೇಗೆ? ಕೂಲರು, ಮಿಕ್ಸರು, ಟೆಲಿವಿಷನ್ ಇವುಗಳಿಂದ ಅದನ್ನು ದೂರವಿಡುವುದು ಲೇಸು. ಅಡಿಗೆಮನೆಯಲ್ಲಿಟ್ಟರೆ ಒಗ್ಗರಣೆಯ ಜಿಡ್ಡು ಮೈಕಿನ ಸೂಕ್ಷ್ಮ ರಂಧ್ರಗಳನ್ನು ಕಟ್ಟಬಹುದು. ಆಗ ಮೆತ್ತನೆಯ ಒಣ ಕುಂಚದಿಂದ ಒರೆಸಬೇಕೇ ಹೊರತು ಸೂಜಿ ಚುಚ್ಚಕೂಡದು. ಇಷ್ಟಕ್ಕೂ ಸರಿಹೋಗದಿದ್ದರೆ ವಿದ್ಯುತ್ತಿನ ತಂತಿಯನ್ನು ಕಿತ್ತು, ಒಂದು ನಿಮಿಷ ಬಿಟ್ಟು ಮತ್ತೆ ಸಿಕ್ಕಿಸಬೇಕು. ಯಂತ್ರದ ಸಮಸ್ತ ನೆನಪನ್ನೂ ಅಳಿಸಿ ಹೊಸದಾಗಿ ಆರಂಭಿಸುವ ಉಪಾಯವೂ ಉಂಟು. ಆದರೆ ಅದು ಕಡೆಯ ಉಪಾಯ. ದೂರದಲ್ಲಿರುವ ಮಗನು ಏರ್ಪಡಿಸಿದುದೆಲ್ಲವೂ ಅದರಿಂದ ಅಳಿದುಹೋಗುವುದರಿಂದ, ಆತನನ್ನು ವಿಚಾರಿಸದೆ ಅದಕ್ಕೆ ಕೈಹಾಕದಿರುವುದೇ ಕ್ಷೇಮ.

ಇನ್ನು ಭಾಷೆಯ ಪ್ರಶ್ನೆ. ನಮ್ಮ ವಾದದ ಮುಖ್ಯಾಂಶವು ಇಲ್ಲಿರುವುದು. ಅಮೆಜಾನಿನ ಅಲೆಕ್ಸಾ ಭಾರತಕ್ಕೆ ಬಂದದ್ದು 2017ರಲ್ಲಿ, ಇಂಗ್ಲಿಷ್ ನುಡಿಯೊಡನೆ. 2019ರಲ್ಲಿ ಹಿಂದಿಯನ್ನು ಕಲಿತುಕೊಂಡಿತು. ಕನ್ನಡಕ್ಕೆ ಆ ಪಂಕ್ತಿಯಲ್ಲಿ ಎಲೆ ಹಾಕಲಿಲ್ಲ. ಕನ್ನಡವು ಯಂತ್ರಕ್ಕೆ ಅಸಾಧ್ಯವಾದ ಭಾಷೆಯೆಂದು ಇದರಿಂದ ತಿಳಿಯಬೇಕಾದುದಿಲ್ಲ. ಮಾತಾಡಿದುದನ್ನು ಫೋನಿನಲ್ಲಿ ಬರಹವಾಗಿಸುವ ಸೌಲಭ್ಯವನ್ನು ಗೂಗಲ್ ಸಂಸ್ಥೆಯು 2017ರಲ್ಲಿಯೇ ಕನ್ನಡಕ್ಕೆ ಒದಗಿಸಿತ್ತು. ಜೇಬಿನ ಯಂತ್ರಕ್ಕೆ ತಿಳಿಯುವ ಭಾಷೆಯನ್ನು ಮೇಜಿನ ಯಂತ್ರಕ್ಕೂ ಕಲಿಸಬಹುದಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದುದರಿಂದ ಇಂಥ ಯಂತ್ರವನ್ನು ಕೊಳ್ಳುವ ಮುನ್ನ, ಅಂಗಡಿಯವರ ಮಾತನ್ನು ನಂಬದೆ, ಅದರ ಭಾಷೆಗಳ ಪಟ್ಟಿಯನ್ನು ತೆರೆದು ಕನ್ನಡವಿದೆಯೋ ಇಲ್ಲವೋ ಕಣ್ಣಾರೆ ನೋಡತಕ್ಕದ್ದು.

ಹಿಂದಿಯಲ್ಲಿಯೇ ಮಾತಾಡಿದರಾಗದೇ ಎಂದು ಕೆಲವರು ಕೇಳಬಹುದು. ಬೀದರ, ಕಲಬುರಗಿ, ರಾಯಚೂರುಗಳ ನಮ್ಮ ಹಿರಿಯರಿಗೆ ಬರುವ ಹಿಂದಿಯೆಂದರೆ ದಖನಿ. ‘ನಕ್ಕೋ’, ‘ಹೌ’ ಎನ್ನುವ ಆ ನುಡಿಯೇ ಬೇರೆ, ಯಂತ್ರಕ್ಕೆ ಕಲಿಸಿರುವ ಉತ್ತರದ ಹಿಂದಿಯೇ ಬೇರೆ. ಮನೆಯ ಕನ್ನಡವೂ ಸಲ್ಲದೆ, ಬೀದಿಯ ದಖನಿಯೂ ಸಲ್ಲದೆ, ಎಂಬತ್ತರ ವಯಸ್ಸಿನಲ್ಲಿ ಮೂರನೆಯ ನುಡಿಯನ್ನು ಬಾಯಿಪಾಠ ಮಾಡಿ ತಮ್ಮ ಮನೆಯ ಮೇಜಿಗೆ ಅರ್ಜಿ ಸಲ್ಲಿಸುವುದು ಎಂಥ ನ್ಯಾಯ?

ಈ ಅನುಭವ ನಮ್ಮ ಜನಕ್ಕೆ ಹೊಸದೇನೂ ಅಲ್ಲ. ನಿಜಾಮರ ಆಳ್ವಿಕೆಯಲ್ಲಿ ಕಚೇರಿಯ ಭಾಷೆ ಉರ್ದುವಾಗಿತ್ತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಬೋಧನೆಯೂ ಉರ್ದುವಿನಲ್ಲಿಯೇ ನಡೆಯಿತು. ಉರ್ದು ಸುಂದರವಾದ ಭಾಷೆಯೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕನ್ನಡವನ್ನು ಮಾತ್ರ ಬಲ್ಲ ರೈತನು ತನ್ನ ಕಷ್ಟವನ್ನು ತನ್ನ ಬಾಯಿಂದ ಹೇಳಿಕೊಳ್ಳಲಾರದೆ ಮತ್ತೊಬ್ಬರ ಮುಂದೆ ಕೈಕಟ್ಟಿ ನಿಲ್ಲಬೇಕಾಗಿತ್ತು. 1956ರಲ್ಲಿ ಆ ಮೂರು ಜಿಲ್ಲೆಗಳ ಕನ್ನಡ ಪ್ರದೇಶವು ಮೈಸೂರು ರಾಜ್ಯವನ್ನು ಸೇರಿತು. ಭಾಗ್ಯನಗರದಲ್ಲಿಯೇ ಉಳಿದ ನಾವು ನೆರೆಯವರ ಭಾಷೆಗಳನ್ನು ಪ್ರೀತಿಯಿಂದ ಕಲಿತು, ಮನೆಯೊಳಗೆ ಕನ್ನಡವನ್ನು ಕಾಪಾಡಿಕೊಂಡು ಬಂದೆವು. ಈಗ ಆ ಮನೆಯೊಳಕ್ಕೇ ಕನ್ನಡವನ್ನರಿಯದ ಕೇಳುಗನೊಬ್ಬನು ಬಂದು ಕುಳಿತಿರುವನು.

ಹಾಗೆಂದು ಯಂತ್ರವನ್ನು ಹೊರಗೆಸೆಯಿರೆಂದು ನಾವು ಹೇಳುತ್ತಿಲ್ಲ. ಮಾಡಬೇಕಾದ ಕೆಲಸಗಳು ಬೇರೆ ಇವೆ. ಹೊರನಾಡಿನಲ್ಲಿರುವ ಮಕ್ಕಳು ಯಂತ್ರವನ್ನು ಕೊಟ್ಟರೆ ಸಾಲದು. ಸ್ವಿಚ್ಚು ಎಲ್ಲಿದೆ, ಮುಚ್ಚಿದಾಗ ಗುರುತೇನು, ತಂತಿ ಕಿತ್ತು ಸಿಕ್ಕಿಸುವುದು ಹೇಗೆ, ಆಗಲೂ ಕೇಳದಿದ್ದರೆ ಯಾರಿಗೆ ಫೋನು ಮಾಡಬೇಕು, ಇಷ್ಟನ್ನು ಒಂದು ರಟ್ಟಿನ ಮೇಲೆ ಕನ್ನಡದಲ್ಲಿ ದಪ್ಪಕ್ಷರಗಳಲ್ಲಿ ಬರೆದು ಯಂತ್ರದ ಪಕ್ಕದಲ್ಲಿಡಬೇಕು. ಒಂಟಿಯಾಗಿರುವ ಹಿರಿಯರ ಆಪತ್ಕಾಲದ ಆಸರೆಯೆಂದು ಇದೊಂದನ್ನೇ ನಂಬಕೂಡದು. ಬಿದ್ದು ಏಳಲಾರದವರ ಕೂಗು ಮುಚ್ಚಿದ ಮೈಕಿಗೆ ಕೇಳಿಸದು. ಕೈಗೆಟಕುವಲ್ಲಿ ಫೋನು, ಅದರೊಡನೆ ನೆರೆಮನೆಯವರ ಸಂಖ್ಯೆ ಮತ್ತು ತುರ್ತು ಸಹಾಯದ 112, ಇವು ಇದ್ದೇ ಇರಬೇಕು.

ಆ ಸ್ವಿಚ್ಚನ್ನು ಶಪಿಸುವುದೂ ಸಲ್ಲದು. ಮನೆಯ ಮಾತು ಹೊರಗೆ ಹೋಗಬಾರದೆನಿಸಿದಾಗ ಯಂತ್ರದ ಕಿವಿಯನ್ನು ಮುಚ್ಚುವ ಅಧಿಕಾರ ಮನೆಯವರದು; ಆ ಅಧಿಕಾರದ ಬೀಗದ ಕೈ ಅದೇ. ಹಿರಿಯರಿಗೆ ಅದನ್ನು ಭಯದ ವಸ್ತುವಾಗಿಸದೆ ಅವರ ಹಕ್ಕೆಂದೇ ಕಲಿಸಬೇಕು.

ಕೊನೆಯದಾಗಿ ಇನ್ನೊಂದು ಸಂಗತಿ. ಭಾರತ ಸರ್ಕಾರವು 2022ರಲ್ಲಿ ಆರಂಭಿಸಿದ ‘ಭಾಷಿಣಿ’ ಯೋಜನೆಯಲ್ಲಿ ‘ಭಾಷಾದಾನ’ವೆಂಬ ಏರ್ಪಾಟು ಉಂಟು. ಯಂತ್ರಗಳಿಗೆ ನಮ್ಮ ನುಡಿಗಳನ್ನು ಕಲಿಸಲು ಜನರು ತಮ್ಮ ದನಿಯಲ್ಲಿ ವಾಕ್ಯಗಳನ್ನೋದಿ ದಾಖಲಿಸಬಹುದು. ಕನ್ನಡವೂ ಅದರಲ್ಲಿ ಸೇರಿದೆ. ಮೈಸೂರು, ಬೆಂಗಳೂರುಗಳ ದನಿಗಳಷ್ಟೇ ಅಲ್ಲಿ ಕೂಡಿದರೆ ನಾಳೆಯ ಯಂತ್ರವು ಕನ್ನಡವನ್ನರಿತರೂ ರಾಯಚೂರಿನ ಅಜ್ಜಿಯನ್ನು ಅರಿಯಲಾರದು. ನಮ್ಮ ಸಂಘಗಳು ತಿಂಗಳಿಗೊಂದು ಭಾನುವಾರ ಹಿರಿಯರನ್ನು ಕೂಡಿಸಿ, ಮೊಮ್ಮಕ್ಕಳ ನೆರವಿನಿಂದ ಈ ದಾನವನ್ನು ಮಾಡಿಸಲಿ. ದನಿ ಕುಗ್ಗಿತೆಂದ ಆ ತಾಯಿಯವರಿಗೂ ಇದನ್ನು ತಿಳಿಸಿದೆವು. “ಓದಾಕ ಬರ್ತದ್ರಿ, ಕನ್ನಡಕ ಹಾಕ್ಕೊಂಡ್ರ ಆತು” ಎಂದರು.