ಹೆರಿಗೆ ಕೋಣೆಯಲ್ಲಿ ಅವಳೊಬ್ಬಳನ್ನೇ ಬಿಡಬೇಡಿ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಬಂಧುಗಳೇ,

ಈಗ ನಮ್ಮಲ್ಲಿ ಹೆರಿಗೆ ಅಂದರೆ ಆಸ್ಪತ್ರೆ. ಅದು ಹಾಗೇ ಇರಲಿ. ಆದರೆ ಹೆರಿಗೆ ಮನೆಯಿಂದ ಆಸ್ಪತ್ರೆಗೆ ಹೋದಾಗ ಒಂದು ಕೆಲಸ ವಾರಸುದಾರರಿಲ್ಲದೆ ಉಳಿದುಬಿಟ್ಟಿತು. ಪಾವಗಡ ತಾಲ್ಲೂಕು ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರನ್ನು ನೆನೆಯಿರಿ. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂಬ ಹೆಸರಿನ ಆಕೆಗೆ 2018ರಲ್ಲಿ ಪದ್ಮಶ್ರೀ ಬಂತು; ಅದೇ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅಂಥ ಸೂಲಗಿತ್ತಿಯರು ಮಗುವನ್ನು ಹಿಡಿಯುತ್ತಿದ್ದರು, ಹೊಕ್ಕುಳಬಳ್ಳಿ ಕತ್ತರಿಸುತ್ತಿದ್ದರು. ಜೊತೆಗೆ ರಾತ್ರಿಯಿಡೀ ಸೊಂಟ ನೀವುತ್ತ, ಗುಟುಕು ನೀರು ಕುಡಿಸುತ್ತ, 'ಇನ್ನೇನು ಆಗೋಯ್ತು ಕಣಮ್ಮ' ಅನ್ನುತ್ತ ಪಕ್ಕದಲ್ಲೇ ಕೂತಿರುತ್ತಿದ್ದರು. ಮೊದಲ ಕೆಲಸ ಡಾಕ್ಟರಿಗೂ ನರ್ಸಿಗೂ ಹೋಯಿತು, ಹೋಗಬೇಕಾದದ್ದೇ. ಎರಡನೆಯದು ಯಾರಿಗೆ ಹೋಯಿತು? ಮೂರು ನಾಲ್ಕು ಮಂಚ ನೋಡಿಕೊಳ್ಳುವ ನರ್ಸಮ್ಮ ಯಾರ ಪಕ್ಕ ಅಂತ ಕೂರುತ್ತಾರೆ?

ಹೆರಿಗೆಯಲ್ಲಿ ಜೊತೆಗಿರಲೆಂದೇ ಬರುವ ಹೆಂಗಸಿಗೆ ಈಗ ಡೌಲಾ ಅನ್ನುತ್ತಾರೆ; ಆಕೆ ಮಾಡುವುದು ಈ ಎರಡನೆಯ ಕೆಲಸವನ್ನು. ಬೆಂಗಳೂರಿನಲ್ಲಿ ದುಡ್ಡು ಕೊಟ್ಟು ಗೊತ್ತುಮಾಡಿಕೊಳ್ಳುತ್ತಾರೆ. ನಮಗೆ ದುಡ್ಡು ಬೇಕಿಲ್ಲ, ತಾಯಿಯೋ ಅಕ್ಕನೋ ಪಕ್ಕದ ಮನೆಯ ಧೈರ್ಯವಂತೆಯೋ ಸಾಕು. 17 ದೇಶಗಳ 15,000ಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ 26 ಅಧ್ಯಯನಗಳನ್ನು 2017ರಲ್ಲಿ ಒಟ್ಟಿಗೆ ಇಟ್ಟು ನೋಡಿದಾಗ, ಬಿಡದೆ ಜೊತೆಗೊಬ್ಬರಿದ್ದವರಲ್ಲಿ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ನೋವಿನ ಹೊತ್ತೂ ಕಡಿಮೆ ಎಂದು ಕಂಡುಬಂತು. ನಮ್ಮ ಕಡೆ ಇನ್ನೊಂದು ಕಾರಣವೂ ಇದೆ. ಎಷ್ಟೋ ಮನೆಗಳಲ್ಲಿ ಮನೆಮಾತು ತೆಲುಗು; ನೋವಿನಲ್ಲಿ ಬಾಯಿಗೆ ಬರುವುದೂ ಅದೇ. ಬೇರೆ ಜಿಲ್ಲೆಯಿಂದ ಬಂದ ನರ್ಸಿಗೆ ಅದನ್ನು ತಿಳಿಸಿ ಹೇಳುವವರು ಬೇಡವೇ?

ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಗೆ ಜೊತೆಗಾತಿಯನ್ನು ಬಿಡಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಹೇಳಿದೆ. ಆಕೆ ತಾನೂ ಹೆತ್ತವಳಾಗಿದ್ದರೆ ಒಳ್ಳೆಯದು, ಅಂಟುರೋಗ ಇರಬಾರದು, ಒಗೆದ ಬಟ್ಟೆ ಉಟ್ಟಿರಬೇಕು, ಸಿಬ್ಬಂದಿಯ ಕೆಲಸಕ್ಕೆ ಅಡ್ಡ ಬರಬಾರದು. ಮುಖ್ಯವಾಗಿ ಇವೇ ನಿಯಮ. ತಾಲ್ಲೂಕು ಆಸ್ಪತ್ರೆಗಳ ಹಿರಿಯರಲ್ಲಿ ನನ್ನ ಕೋರಿಕೆ: ಮಂಚಗಳ ನಡುವೆ ಪರದೆ ಹಾಕಿಸಿ, ಒಬ್ಬಳನ್ನು ಒಳಗೆ ಬಿಡಿ. ಪರದೆಗೆ ಎಷ್ಟು ಮಹಾ ಖರ್ಚು?

ಇನ್ನು ಜೊತೆಗೆ ಹೋಗುವ ಅಕ್ಕಂದಿರಿಗೆ, ಡೌಲಾ ಎಂದು ಹೇಳಿಕೊಳ್ಳುವವರಿಗೂ ಸೇರಿಸಿ, ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಒಳಪರೀಕ್ಷೆ ನಿಮ್ಮದಲ್ಲ. ಸೂಜಿ ನಿಮ್ಮದಲ್ಲ. ನೋವು ಬರಿಸುವ ಕಷಾಯ ಬೇಡ, ಮೇಲಿಂದ ಹೊಟ್ಟೆ ಒತ್ತುವುದಂತೂ ಬೇಡವೇ ಬೇಡ. 'ಆಪರೇಷನ್‌ಗೆ ಒಪ್ಪಬೇಡ' ಎಂದು ಕಿವಿಯಲ್ಲಿ ಊದಬೇಡಿ. ಯಾಕೆ ಬೇಕು ಅಂತ ಡಾಕ್ಟರನ್ನು ಕೇಳಲು ಅವಳಿಗೆ ಧೈರ್ಯ ಕೊಡಿ, ಅದು ನಿಮ್ಮ ಕೆಲಸ. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಗೆ ಕರೆದೊಯ್ಯಿರಿ ಎಂದು ಡಾಕ್ಟರು ಹೇಳಿದಾಗ ಗಂಡಸರೆಲ್ಲ ಹೊರಗೆ ನಿಂತು ಚರ್ಚೆ ಶುರುಮಾಡುತ್ತಾರೆ. ಆ ಚರ್ಚೆ ಮುರಿದು ಅವಳನ್ನು ಆಂಬುಲೆನ್ಸ್ ಹತ್ತಿಸಿ. ಮನೆಯಲ್ಲೇ ಹೆರಿಗೆ ಮಾಡಿಸಿಕೊಡುತ್ತೇನೆ ಅನ್ನುವ ಡೌಲಾ ಸಿಕ್ಕರೆ ಬಾಗಿಲಲ್ಲೇ ಕಳಿಸಿಬಿಡಿ. ಹೆರಿಗೆ ಮಾಡಿಸುವ ಮಿಡ್‌ವೈಫ್ ಬೇರೆ. 2018ರ ಕೇಂದ್ರದ ಮಾರ್ಗಸೂಚಿಯಂತೆ ನರ್ಸಿಂಗ್ ಕಲಿತ ಮೇಲೂ ಆಕೆಗೆ 18 ತಿಂಗಳ ತರಬೇತಿ ಬೇಕು.

ಬಾಣಂತನದಲ್ಲಿಯೂ ಇದೇ ಗೆರೆ. ಆಸ್ಪತ್ರೆಯಲ್ಲಿ ಹೆತ್ತವಳ ಮನೆಗೆ 3, 7, 14, 21, 28, 42ನೇ ದಿನ ಆಶಾ ಕಾರ್ಯಕರ್ತೆ ಬರಬೇಕು. ನಡುವಿನ ದಿನಗಳು ಮನೆಯವರವು. ಶಿಡ್ಲಘಟ್ಟದ ಕಡೆ ರೇಷ್ಮೆಹುಳು ಹಣ್ಣಾದ ವಾರ ಮನೆಮಂದಿಗೆಲ್ಲ ಉಸಿರಾಡಲು ಪುರುಸೊತ್ತಿರುವುದಿಲ್ಲ. ಆಗ ಎರಡು ತಾಸು ಮಗುವನ್ನೆತ್ತಿಕೊಂಡು ಬಾಣಂತಿಗೆ ನಿದ್ದೆ ಮಾಡಲು ಬಿಡುವವಳೇ ನಿಜವಾದ ಡೌಲಾ. ಬಾಣಂತಿಗೆ ಕುಡಿಯುವ ನೀರು ತಪ್ಪಿಸಬೇಡಿ, ಮಗುವಿನ ಮುಖಕ್ಕೆ ಸಾಂಬ್ರಾಣಿ ಹೊಗೆ ಹಿಡಿಯಬೇಡಿ, ಗಿಣ್ಣುಹಾಲು ಹಿಂಡಿ ಚೆಲ್ಲಬೇಡಿ. ಅಜ್ಜಿಯರು ಮುನಿಸಿಕೊಂಡಾರು, ಇರಲಿ. ಗಂಟೆಯೊಳಗೆ ಪ್ಯಾಡ್ ಪೂರ್ತಿ ನೆನೆದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ, ಫಿಟ್ಸ್ ಬಂದರೆ, ಚಳಿಜ್ವರ ಹಿಡಿದರೆ, ಮಗು ಹಾಲು ಬಿಟ್ಟರೆ ಮನೆಮದ್ದಿಗೆ ಕೈ ಹಾಕದೆ 108ಕ್ಕೆ ಫೋನ್ ಮಾಡಿ. ಹೆತ್ತ ಮೊದಲ ದಿನಗಳಲ್ಲಿ ಬಾಣಂತಿಗೆ ಬರುವ ಅಳು ತಾನಾಗಿ ಹೋಗುತ್ತದೆ. ಎರಡು ವಾರ ದಾಟಿದರೂ ಅಳು ನಿಲ್ಲದಿದ್ದರೆ, ಮಗುವನ್ನು ಕಂಡರೇ ಬೇಡವೆನಿಸಿದರೆ ಅದಕ್ಕೆ ಗಾಳಿ, ದೃಷ್ಟಿ ಎಂದು ಹೆಸರಿಡದೆ ಡಾಕ್ಟರಿಗೆ ತೋರಿಸಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಹಗಲೂ ರಾತ್ರಿ ಸಿಗುತ್ತದೆ.

ನೋವು ಬಂದ ರಾತ್ರಿ ಹೆರಿಗೆ ಕೋಣೆಯ ಬಾಗಿಲಲ್ಲಿ ನಿಂತು ಜಗಳವಾಡಿ ಪ್ರಯೋಜನವಿಲ್ಲ. ಎಂಟನೇ ತಿಂಗಳ ತಪಾಸಣೆಗೆ ಹೋದಾಗಲೇ ಕೇಳಿ: 'ಹೆರಿಗೆ ಹೊತ್ತಿಗೆ ಇವರನ್ನು ಒಳಗೆ ಬಿಡ್ತೀರಲ್ಲ?' ಆ ಹೆಂಗಸನ್ನೂ ಕರೆದುಕೊಂಡು ಹೋಗಿ ನರ್ಸಿಗೆ ಪರಿಚಯ ಮಾಡಿಸಿ. ಯಾರು ಬರಬೇಕೆಂದು ಮಾತ್ರ ಅತ್ತೆ ತೀರ್ಮಾನಿಸುವುದು ಬೇಡ, ಗಂಡನೂ ಬೇಡ, ಬಸುರಿಯನ್ನೇ ಕೇಳಿ.